ಪ್ರತಿಕ್ರಿಯೆ: ನೀರಲ್ಲಿ ಹನಿ ಮುಳುಗಿದ ಮಾತ್ರಕ್ಕೆ ಜೇನು ಶುದ್ಧವಲ್ಲ

‘ಶಿರಸಿ ಕಾಡುಜೇನು’ ಜಾಹೀರಾತಿನ ವಿಡಿಯೋದಲ್ಲಿ ಜೇನಿನ ಹನಿ ನೀರಲ್ಲಿ ಕರಗದೆ ಲೋಟದ ತಳ ಸೇರುತ್ತದೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತೂ ಇದೆ, ನಂಬಬಹುದೇ ಎಂದು ಕೇಳಿದ್ದೀರಿ. ಆ ದೃಶ್ಯ ತೋರಿಸುವುದು ಸಾಂದ್ರತೆಯನ್ನು ಮಾತ್ರ. ಗಟ್ಟಿ ಸಕ್ಕರೆ ಪಾಕವೂ ಹಾಗೇ ಮುಳುಗುತ್ತದೆ. ಬೇಸರವೆಂದರೆ, ನಮ್ಮ ಘಟ್ಟದ ತೇವಕ್ಕೆ ನೀರಂಶ ಹೆಚ್ಚಿರುವ ಅಸಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಸ್ಥಳೀಯ ಜೇನ್ನೊಣ) ಜೇನು ಬೇಗ ಕರಗಿ, ಇದೇ ಪರೀಕ್ಷೆಯಲ್ಲಿ ಕಲಬೆರಕೆ ಎನಿಸಿಕೊಳ್ಳುತ್ತದೆ! ಪಾಕದ ಬೆರಕೆ ಹಿಡಿಯಲು ಪ್ರಯೋಗಾಲಯವೇ ಬೇಕು.

ಇನ್ನು ಆ ಗುರುತಿನ ಜೊತೆಗಿರುವ 14 ಅಂಕಿಯ ಸಂಖ್ಯೆ. ಅದು ವ್ಯಾಪಾರದ ಪರವಾನಗಿ ಅಥವಾ ನೋಂದಣಿ, ಶುದ್ಧತೆಯ ಪ್ರಮಾಣಪತ್ರ ಅಲ್ಲವೇ ಅಲ್ಲ. ಅದೇ ಪ್ರಾಧಿಕಾರದ ಪರವಾನಗಿ ಜಾಲತಾಣ ಫಾಸ್ಕಾಸ್‌ನಲ್ಲಿ (FoSCoS) ಆ ಸಂಖ್ಯೆ ಹಾಕಿ ನೋಡಿ: ಯಾರ ಹೆಸರು, ಯಾವ ಊರಿನ ವಿಳಾಸ ಎಂದು ಬರುತ್ತದೆ. ಲೇಬಲ್ಲಿನ ವಿಳಾಸಕ್ಕೆ ತಾಳೆಯಾಗದಿದ್ದರೆ ಕೊಳ್ಳಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.