ಬಾವುಟದ ಮೂಲೆಯಿಂದ ಶುರು ಮಾಡಿ

ನಮಸ್ಕಾರ. ಎರಡು ಮಹಾಯುದ್ಧಗಳ ನಡುವೆ ಜರ್ಮನ್ ಸೇನೆ ಬಳಸಿದ ಬಾವುಟಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ.

ಮೊದಲು ದೊಡ್ಡ ತಪ್ಪು. 1926ರ ಪರೇಡಿನಲ್ಲಿ ಸೈನಿಕರ ಕೈಗೆ ನಾಜಿಗಳ ಸ್ವಸ್ತಿಕದ ಬಾವುಟ ಕೊಟ್ಟಿದ್ದೀರಿ. ಆಗ ಇದ್ದದ್ದು ವೈಮರ್ ಗಣರಾಜ್ಯ, ಅಂದರೆ ಕೈಸರ್ (ಜರ್ಮನ್ ಚಕ್ರವರ್ತಿ) ಹೋದ ಮೇಲೆ, ಹಿಟ್ಲರ್ ಬರುವ ಮುಂಚೆ ಇದ್ದ ಪ್ರಜಾಪ್ರಭುತ್ವದ ಜರ್ಮನಿ. ಸ್ವಸ್ತಿಕವಿದ್ದ ಯುದ್ಧಧ್ವಜ ಬಂದದ್ದು 1935ರ ನವೆಂಬರ್‌ನಲ್ಲಿ. ನೀವೇ ಎರಡನೇ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ 1921ರ ಧ್ವಜ 1926ರಲ್ಲೂ ಹಾರುತ್ತಿತ್ತು: ಕಪ್ಪು-ಬಿಳಿ-ಕೆಂಪು ಪಟ್ಟಿ, ನಡುವೆ ಕಬ್ಬಿಣದ ಶಿಲುಬೆ (ಐರನ್ ಕ್ರಾಸ್) ಎಂಬ ಸೇನಾ ಲಾಂಛನ, ಮೇಲಿನ ಮೂಲೆಯಲ್ಲಿ ಪುಟ್ಟದಾಗಿ ಕಪ್ಪು-ಕೆಂಪು-ಚಿನ್ನ.

ನಿಮ್ಮ ಲೇಖನ ಇರುವುದು ಆ ಮೂಲೆಯಲ್ಲಿ. ಕಪ್ಪು-ಕೆಂಪು-ಚಿನ್ನ ಗಣರಾಜ್ಯದ ಬಣ್ಣ. ಕಪ್ಪು-ಬಿಳಿ-ಕೆಂಪು ಹಳೇ ಕೈಸರ್ ಕಾಲದ್ದು. ಅಂದರೆ ಸೇನೆಯ ಬಾವುಟದಲ್ಲಿ ಕೈಸರ್‌ಗೆ ಇಡೀ ಬಟ್ಟೆ, ಗಣರಾಜ್ಯಕ್ಕೆ ಒಂದು ಮೂಲೆ! ಇದು ಬರೀ ಬಟ್ಟೆಯ ಜಗಳ ಅಲ್ಲ. 1926ರ ಮೇ ತಿಂಗಳಲ್ಲಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಹಾನ್ಸ್ ಲೂಥರ್, ವಿದೇಶದ ಕೆಲವು ರಾಯಭಾರ ಕಚೇರಿಗಳು ಕಪ್ಪು-ಬಿಳಿ-ಕೆಂಪಿನ ವ್ಯಾಪಾರಿ ಹಡಗಿನ ಧ್ವಜವನ್ನೂ ಹಾರಿಸಬಹುದು ಎಂದು ಆದೇಶ ಹೊರಡಿಸಿ ಕುರ್ಚಿಯನ್ನೇ ಕಳೆದುಕೊಂಡರು. ಹಿಟ್ಲರ್ ಬಂದ ಮೇಲೆ, 1933ರ ಮಾರ್ಚ್‌ನಲ್ಲಿ, ಸೇನೆಯ ಬಾವುಟದಿಂದ ಆ ಮೂಲೆಯನ್ನು ತೆಗೆದುಹಾಕಿದರು. ಇಷ್ಟು ಸರಕು ಇಟ್ಟುಕೊಂಡು ನೀವು ಬಟ್ಟೆಯ ಅಳತೆ ಬರೆಯುತ್ತಾ ಕೂತಿದ್ದೀರಲ್ಲ!

ಸೇನೆಯ ಒಂದೊಂದು ವಿಭಾಗಕ್ಕೂ ಒಂದೊಂದು ಬಣ್ಣ: ಕಾಲಾಳುಪಡೆಗೆ ಬಿಳಿ, ಫಿರಂಗಿಪಡೆಗೆ ಕೆಂಪು, ಕುದುರೆಪಡೆಗೆ ಹೊನ್ನಿನ ಹಳದಿ... ಈ ಪಟ್ಟಿ ಜಾಸ್ತಿ ಆಯಿತು. ಟ್ಯಾಂಕ್ ಪಡೆಯ ಗುಲಾಬಿ ಬಣ್ಣವೊಂದನ್ನು ಉಳಿಸಿಕೊಳ್ಳಿ. ಓದುವವರು ಅಲ್ಲಿ ಖಂಡಿತ ನಿಲ್ಲುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಆದ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ಟ್ಯಾಂಕ್ ಇಟ್ಟುಕೊಳ್ಳುವಂತೆಯೇ ಇರಲಿಲ್ಲ, ಭೂಸೇನೆ ಒಂದು ಲಕ್ಷ ದಾಟುವಂತಿರಲಿಲ್ಲ. 1936ರ ಹೊಸ ಧ್ವಜಗಳಲ್ಲಿ ಗುಲಾಬಿ ಕಾಣಿಸಿಕೊಂಡಿತು ಅಂದರೆ ಒಪ್ಪಂದ ಕಸದಬುಟ್ಟಿ ಸೇರಿತ್ತು ಅಂತಲೇ ಅರ್ಥ, ಅಲ್ವಾ? ಅದನ್ನು ಬಿಡಿಸಿ ಹೇಳಿ.

ತಮ್ಮದೇ ವಿಮಾನಗಳಿಗೆ ಗುರುತು ಸಿಗಲಿ ಎಂದು ಟ್ಯಾಂಕಿನ ಮೇಲೆ ಬಾವುಟ ಹೊದಿಸಿದ ಚಿತ್ರ ಚೆನ್ನಾಗಿದೆ. ಆದರೆ ಅದು 1940ರ ಫ್ರಾನ್ಸ್, ನಿಮ್ಮ ಕಾಲದ ಆಚೆಯದು. ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

'ರೋಮಾಂಚಕ', 'ಭವ್ಯ' ಎಂಬ ಪದಗಳನ್ನೆಲ್ಲ ಹೊಡೆದುಹಾಕಿ. ಸುಮ್ನೆ ಜಾಗ ತಿನ್ನುತ್ತವೆ. ಉದ್ದವನ್ನು ಅರ್ಧಕ್ಕೆ ಇಳಿಸಿ, ಪ್ರತಿ ಚಿತ್ರದ ಕೆಳಗೂ ಇಸವಿ ಹಾಕಿ ಮತ್ತೆ ಕಳಿಸಿ.