ಓದುಗರ ಪ್ರಶ್ನೆ: ಬರೆದವರ ಪಾಲು ಎಷ್ಟು, ಎಲ್ಲಿಯವರೆಗೆ?

ಪ್ರಶ್ನೆ: ಹಾಲಿವುಡ್‌ನ ಚಿತ್ರಕಥೆಗಾರರು 2023ರಲ್ಲಿ ಸುಮಾರು ಐದು ತಿಂಗಳು ಮುಷ್ಕರ ಹೂಡಿದ್ದರು. ಕೈತುಂಬ ಸಂಪಾದಿಸುವ ಇವರಿಗೆ ಬೀದಿಗಿಳಿಯುವ ಅಗತ್ಯವೇನಿತ್ತು? ಬರೆದದ್ದಕ್ಕೆ ಒಮ್ಮೆ ಹಣ ಪಡೆದ ಮೇಲೆ ಪ್ರತಿ ಮರುಪ್ರಸಾರಕ್ಕೂ ಮತ್ತೆ ಕೇಳುವುದು ನ್ಯಾಯವೇ?
(ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವೆ, ಏಕೆಂದರೆ ಮುಷ್ಕರದ ಬೇರು ಇರುವುದು ಅಲ್ಲಿಯೇ. ಅಮೆರಿಕದಲ್ಲಿ ಸ್ಟುಡಿಯೊ ಹೇಳಿ ಬರೆಸಿದ ಚಿತ್ರಕಥೆಗೆ ಕಾನೂನಿನ ದೃಷ್ಟಿಯಲ್ಲಿ ಸ್ಟುಡಿಯೊವೇ ಕರ್ತೃ, ಬರೆದವರು ಅದರ ನೌಕರರು. ಕಾದಂಬರಿಕಾರರಿಗೆ ಉಳಿಯುವ ಕೃತಿಸ್ವಾಮ್ಯ ಚಿತ್ರಕಥೆಗಾರರಿಗೆ ಉಳಿಯುವುದಿಲ್ಲ. ಹೀಗೆ ಸ್ವಾಮ್ಯವನ್ನು ಬಿಟ್ಟುಕೊಟ್ಟವರಿಗೆ, ಕೃತಿ ಮತ್ತೆ ಮತ್ತೆ ಹಣ ತರುವಾಗ ಅದರಲ್ಲೊಂದು ಪಾಲು ಸಲ್ಲಬೇಕು ಎಂಬ ಒಪ್ಪಂದವೇ ಅಲ್ಲಿನ ‘ರೆಸಿಡ್ಯುಯಲ್’. ಅದು ಯಾರೂ ದಯಪಾಲಿಸಿದ್ದಲ್ಲ; ಚಿತ್ರಮಂದಿರದ ಸಿನಿಮಾ ಟಿ.ವಿ.ಗೆ ಮಾರಾಟವಾದಾಗಲೂ ಪಾಲು ಬೇಕೆಂದು 1960ರಲ್ಲಿ ಬರಹಗಾರರು ದೀರ್ಘ ಮುಷ್ಕರ ನಡೆಸಿದ್ದರು, ಪಿಂಚಣಿ ಮತ್ತು ಆರೋಗ್ಯ ನಿಧಿಯ ವ್ಯವಸ್ಥೆಯೂ ಆ ಹೋರಾಟದಿಂದಲೇ ಬಂತು. ಆದ್ದರಿಂದ ಇದನ್ನು ಎರಡನೆಯ ಸಲ ಕೇಳುವ ಕೂಲಿ ಎನ್ನುವುದಕ್ಕಿಂತ, ಮೊದಲ ಸಲವೇ ಪೂರ್ತಿ ಕೊಡದೆ ಮುಂದಕ್ಕೆ ಉಳಿಸಿಕೊಂಡ ಬೆಲೆಯ ಭಾಗವೆನ್ನುವುದೇ ಸರಿ.

ಹಳೆಯ ಟಿ.ವಿ. ವ್ಯವಸ್ಥೆಯಲ್ಲಿ ಒಂದು ಧಾರಾವಾಹಿಗೆ ವರ್ಷಕ್ಕೆ 22 ಅಥವಾ 24 ಕಂತುಗಳಿರುತ್ತಿದ್ದವು. ವರ್ಷದ ಬಹುಪಾಲು ಕೆಲಸವಿರುತ್ತಿತ್ತು, ಕೆಲಸವಿಲ್ಲದ ತಿಂಗಳುಗಳಲ್ಲಿ ಮರುಪ್ರಸಾರದ ಹಣ ಮನೆ ನಡೆಸುತ್ತಿತ್ತು. ಒಟಿಟಿ ಬಂದ ಮೇಲೆ ಕಂತುಗಳು ಎಂಟೋ ಹತ್ತೋ ಆದವು. ಜನ ಎಷ್ಟು ನೋಡಿದರು ಎಂಬುದಕ್ಕೆ ಸಂಬಂಧವೇ ಇಲ್ಲದೆ ಪಾಲು ಒಂದು ನಿಗದಿತ ಮೊತ್ತವಾಯಿತು. ಎಷ್ಟು ಜನ ನೋಡಿದರೆಂಬುದನ್ನು ಕಂಪನಿಗಳು ಹೇಳುತ್ತಲೂ ಇರಲಿಲ್ಲ. ಲಾಸ್ ಏಂಜಲೀಸ್‌ನ ಸ್ಟುಡಿಯೊ ಸಿಟಿ ಬಡಾವಣೆಯಲ್ಲಿ ‘ರೆಸಿಡ್ಯುಯಲ್ಸ್’ ಎಂಬ ಹೆಸರಿನದೇ ಒಂದು ಬಾರ್ ಇತ್ತು. ಒಂದು ಡಾಲರಿಗೂ ಕಡಿಮೆ ಮೊತ್ತದ ಪಾಲಿನ ಚೆಕ್ಕನ್ನು ತಂದು ತೋರಿಸಿದವರಿಗೆ ಅಲ್ಲಿ ಒಂದು ಗ್ಲಾಸು ಪುಕ್ಕಟೆ. ಅಂಥ ಚೆಕ್ಕುಗಳಿಗೆ ಕೊರತೆಯಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ತಕರಾರು ‘ಮಿನಿ ರೂಮ್’ ಪದ್ಧತಿಯದು. ಧಾರಾವಾಹಿ ತಯಾರಾಗುವುದೋ ಇಲ್ಲವೋ ಎಂದು ತೀರ್ಮಾನವಾಗುವ ಮೊದಲೇ ಮೂರ್ನಾಲ್ಕು ಜನ ಬರಹಗಾರರನ್ನು ಕೆಲವೇ ವಾರ ಕೂರಿಸಿ, ಸಂಘದ ಒಪ್ಪಂದದಲ್ಲಿ ಗೊತ್ತುಮಾಡಿದ ಕನಿಷ್ಠ ದರದಲ್ಲಿ ಇಡೀ ಸರಣಿಯ ಕಥೆ ಬರೆಸಿಕೊಂಡು ಕಳುಹಿಸಿಬಿಡುವ ಪದ್ಧತಿ ಇದು. ಚಿತ್ರೀಕರಣ ಶುರುವಾಗುವ ಹೊತ್ತಿಗೆ ಬರೆದವರು ಸೆಟ್ಟಿನಲ್ಲಿ ಇರುವುದೇ ಇಲ್ಲ. ಹಾಗಾಗಿ ಹೊಸಬರು ಕಸುಬು ಕಲಿಯುವ ದಾರಿಯೂ ಮುಚ್ಚಿತು. ಹತ್ತು ವರ್ಷದ ಹಿಂದೆ ಟಿ.ವಿ. ಬರಹಗಾರರಲ್ಲಿ ಮೂರನೆಯ ಒಂದು ಭಾಗ ಕನಿಷ್ಠ ದರದಲ್ಲಿ ದುಡಿಯುತ್ತಿದ್ದರೆ ಈಗ ಅರ್ಧದಷ್ಟು ಜನ ಹಾಗಿದ್ದಾರೆ ಎಂದು ಅವರ ಸಂಘವಾದ ರೈಟರ್ಸ್ ಗಿಲ್ಡ್ ಮುಷ್ಕರಕ್ಕೆ ಮೊದಲೇ ಲೆಕ್ಕ ಕೊಟ್ಟಿತ್ತು. ಕೋಟಿಗಟ್ಟಲೆ ಗಳಿಸುವವರು ಇದ್ದಾರೆ, ನಿಜ. ಆದರೆ ಅವರ ಹೆಸರುಗಳಷ್ಟೇ ನಮ್ಮ ಕಿವಿಗೆ ಬೀಳುತ್ತವೆ.

ಪ್ರಶ್ನೆ: ಬರೆಯುವವರು ಬರೆಯುವುದನ್ನು ನಿಲ್ಲಿಸಿದರೆ ಅಷ್ಟು ದೊಡ್ಡ ಉದ್ಯಮ ಮಣಿಯುವುದು ಹೇಗೆ? ಕೊನೆಗೆ ಅವರಿಗೆ ಸಿಕ್ಕಿದ್ದೇನು?
(ಮಂಗಳೂರಿನ ಓದುಗರೊಬ್ಬರು)

ಉತ್ತರ: 2023ರ ಮೇ 2ರಂದು ಸುಮಾರು 11,500 ಬರಹಗಾರರು ಕೆಲಸ ನಿಲ್ಲಿಸಿದಾಗ, ಅಂದಂದಿಗೆ ಬರೆಸಿಕೊಂಡು ನಡೆಯುವ ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳು ಕೂಡಲೇ ನಿಂತವು. ಉಳಿದ ಕಡೆ ಬರೆದಿಟ್ಟ ಕಥೆಗಳ ದಾಸ್ತಾನಿತ್ತು. ಆದರೆ ಸ್ಟುಡಿಯೊ ಬಾಗಿಲಲ್ಲಿ ಬರಹಗಾರರು ಫಲಕ ಹಿಡಿದು ನಿಂತರೆ ಅವರನ್ನು ದಾಟಿ ಒಳಗೆ ಹೋಗಲು ಲಾರಿ ಚಾಲಕರ ಸಂಘದವರು ಒಪ್ಪುತ್ತಿರಲಿಲ್ಲ. ಸಾಮಾನು ಬರದಿದ್ದರೆ ಆ ದಿನದ ಚಿತ್ರೀಕರಣ ರದ್ದು. ಜುಲೈ 14ರಿಂದ ನಟರ ಸಂಘವೂ ಮುಷ್ಕರಕ್ಕಿಳಿಯಿತು. 1960ರ ನಂತರ ಈ ಎರಡೂ ಸಂಘಗಳು ಒಟ್ಟಿಗೆ ಹೊರಗಿದ್ದದ್ದು ಅದೇ ಮೊದಲು. ಆ ಬೇಸಿಗೆಯಲ್ಲಿ ಯೂನಿವರ್ಸಲ್ ಸ್ಟುಡಿಯೊದ ಹೊರಗೆ ಮುಷ್ಕರನಿರತರಿಗೆ ನೆರಳು ಕೊಡುತ್ತಿದ್ದ ಕಾಲುದಾರಿಯ ಮರಗಳ ಕೊಂಬೆಗಳನ್ನು ಬೋಳಿಸಲಾಯಿತು. ಅದು ಪ್ರತಿವರ್ಷದ ನಿರ್ವಹಣೆ ಎಂದು ಕಂಪನಿ ಹೇಳಿತು, ಅನುಮತಿ ಪಡೆದಿಲ್ಲವೆಂದು ನಗರಾಡಳಿತ 250 ಡಾಲರ್ ದಂಡ ಹಾಕಿತು. ದಂಡದ ಮೊತ್ತ ನೋಡಿ ಜನ ನಕ್ಕರು.

ಮುಷ್ಕರ 148 ದಿನ ನಡೆದು ಸೆಪ್ಟೆಂಬರ್ 27ರಂದು ಮುಗಿಯಿತು. ಒಪ್ಪಂದಕ್ಕೆ ಮತ ಹಾಕಿದವರಲ್ಲಿ ಶೇ 99 ಮಂದಿ ಸಮ್ಮತಿಸಿದರು. ಕನಿಷ್ಠ ದರಗಳು ಮೂರು ವರ್ಷಗಳಲ್ಲಿ ಹೆಚ್ಚಿನ ವಿಭಾಗಗಳಿಗೆ ಕ್ರಮವಾಗಿ ಶೇ 5, 4 ಮತ್ತು 3.5ರಷ್ಟು ಏರಿದವು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಒಟಿಟಿಯ ಸ್ವಂತ ಸರಣಿ ಅಥವಾ ಸಿನಿಮಾವನ್ನು ದೇಶದೊಳಗಿನ ಚಂದಾದಾರರಲ್ಲಿ ಶೇ 20ರಷ್ಟು ಜನ ಮೊದಲ 90 ದಿನಗಳಲ್ಲಿ ನೋಡಿದರೆ ಪಾಲಿನ ಮೇಲೆ ಅದರ ಅರ್ಧದಷ್ಟು ಹೆಚ್ಚುವರಿ ಹಣ ಸಿಗಬೇಕೆಂದೂ, ಎಷ್ಟು ಗಂಟೆ ವೀಕ್ಷಣೆಯಾಯಿತೆಂಬ ಲೆಕ್ಕವನ್ನು ಗೋಪ್ಯತೆಯ ಷರತ್ತಿನೊಂದಿಗೆ ಸಂಘಕ್ಕೆ ಒಪ್ಪಿಸಬೇಕೆಂದೂ ತೀರ್ಮಾನವಾಯಿತು. ಲೆಕ್ಕದ ಪುಸ್ತಕ ಒಂದಿಷ್ಟಾದರೂ ತೆರೆಯಿತಲ್ಲ, ಅದೇ ದೊಡ್ಡದು. ಕೃತಕ ಬುದ್ಧಿಮತ್ತೆ ತಯಾರಿಸಿದ ಬರಹವನ್ನು ಸಾಹಿತ್ಯ ಸಾಮಗ್ರಿಯೆಂದು ಪರಿಗಣಿಸುವಂತಿಲ್ಲ, ಅದನ್ನು ಬಳಸಲು ಬರಹಗಾರರನ್ನು ಒತ್ತಾಯಿಸುವಂತಿಲ್ಲ, ಯಂತ್ರ ಬರೆದದ್ದನ್ನು ತಿದ್ದಲು ಕೊಡುವುದಾದರೆ ಹಾಗೆಂದು ಮುಂಚೆಯೇ ತಿಳಿಸಬೇಕು ಎಂಬ ಷರತ್ತುಗಳೂ ಸೇರಿದವು.

ಎಲ್ಲವೂ ಗೆಲುವೆನ್ನಲಾಗದು. ಮುಷ್ಕರದ ಕಾಲದಲ್ಲಿ ಲೈಟ್ ಹಿಡಿಯುವವರು, ಸೆಟ್ ಕಟ್ಟುವವರು, ವಸ್ತ್ರಾಲಂಕಾರದವರು ತಮ್ಮದಲ್ಲದ ಜಗಳಕ್ಕೆ ತಿಂಗಳುಗಟ್ಟಲೆ ಸಂಬಳ ಕಳೆದುಕೊಂಡರು. ಕಂಪನಿಗಳು ತಯಾರಿಕೆಯನ್ನೇ ಕಡಿಮೆ ಮಾಡಿದ್ದರಿಂದ ದರ ಏರಿದರೂ ಕೆಲಸ ಇಳಿಯಿತು. 2022ರಲ್ಲಿ ಅಮೆರಿಕದಲ್ಲಿ 599 ಕಥಾ ಸರಣಿಗಳು ಬಂದಿದ್ದರೆ 2023ರಲ್ಲಿ ಬಂದದ್ದು 516.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿಗಳಿಗೆ ಕಂತಿನ ಲೆಕ್ಕದಲ್ಲಿ ಸಂಭಾಷಣೆ ಬರೆಯುತ್ತೇನೆ. ಅವು ಆ್ಯಪ್‌ನಲ್ಲಿ ಮತ್ತೆ ಮತ್ತೆ ಪ್ರಸಾರವಾಗುತ್ತವೆ. ನನಗೆ ಏನಾದರೂ ಹಕ್ಕಿದೆಯೇ?
(ಹೆಸರು ಬೇಡವೆಂದು ಕೋರಿದ ಓದುಗರು)

ಉತ್ತರ: ಕಾನೂನಿನಲ್ಲಿ ಇದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಚಲನಚಿತ್ರದಲ್ಲಿ ಸೇರಿದ ಸಾಹಿತ್ಯ ಕೃತಿಯ ಕರ್ತೃವು ಸ್ವಾಮ್ಯವನ್ನು ವರ್ಗಾಯಿಸಿದ ಮೇಲೂ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆ ರೀತಿಯ ಬಳಕೆಗೆ ಬರುವ ರಾಯಧನದಲ್ಲಿ ಸಮಪಾಲಿನ ಹಕ್ಕನ್ನು ಉಳಿಸಿಕೊಳ್ಳುತ್ತಾರೆ. ಆ ಹಕ್ಕನ್ನು ವಾರಸುದಾರರಿಗೆ ಅಥವಾ ಕರ್ತೃಗಳ ಪರವಾಗಿ ರಾಯಧನ ವಸೂಲು ಮಾಡಿ ಹಂಚುವ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಇನ್ನಾರಿಗೂ ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟಿದ್ದೇನೆಂಬ ಕರಾರಿಗೆ ಬೆಲೆಯಿಲ್ಲ. ದೃಶ್ಯ ಮುದ್ರಿಕೆಯೆಲ್ಲವನ್ನೂ ಕಾಯ್ದೆ ಚಲನಚಿತ್ರವೆಂದೇ ಕರೆಯುವುದರಿಂದ ಧಾರಾವಾಹಿಯೂ ಅದರೊಳಗೆ ಬರುತ್ತದೆ. ಕಾಗದದ ಮೇಲೆ ಇದು ಅಮೆರಿಕದ ಬರಹಗಾರರಿಗಿರುವುದಕ್ಕಿಂತ ಗಟ್ಟಿಯಾದ ಹಕ್ಕು. ಕೊರತೆಯಿರುವುದು ವಸೂಲಿಯಲ್ಲಿ. ಅಲ್ಲಿ ಸ್ಟುಡಿಯೊಗಳೆಲ್ಲ ಒಂದು ಸಂಘವಾಗಿ ಮೇಜಿನ ಆಚೆ ಕೂರುತ್ತವೆ, ಹೆಸರಾಂತರೂ ಹೊಸಬರೂ ಒಂದೇ ಒಪ್ಪಂದದ ಕೆಳಗೆ ಬರುತ್ತಾರೆ. ಇಲ್ಲಿ ನೀವೊಬ್ಬರೇ ನಿರ್ಮಾಣ ಸಂಸ್ಥೆಯ ಮ್ಯಾನೇಜರ್ ಎದುರು ಕೂತು ಕಂತಿಗೆ ಇಷ್ಟೆಂದು ಮಾತಾಡಿಕೊಳ್ಳುತ್ತೀರಿ, ನಾಳೆ ಬೇಡವೆಂದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಕರಾರು ಬಾಯಿಮಾತಿನಲ್ಲಿ ಇರದಿರಲಿ. ಸಹಿ ಮಾಡುವ ಮುನ್ನ ರಾಯಧನದ ಕಲಮನ್ನೂ, ತೆರೆಯ ಮೇಲೆ ಹೆಸರು ಬರುವ ಕಲಮನ್ನೂ ಓದಿ, ಸಾಧ್ಯವಾದರೆ ವಕೀಲರಿಗೆ ತೋರಿಸಿ. ಕಳುಹಿಸಿದ ಪ್ರತಿ ಕಂತಿನ ಪ್ರತಿಯನ್ನು ದಿನಾಂಕ ಕಾಣುವಂತೆ ಇ-ಮೇಲ್‌ನಲ್ಲಿ ಉಳಿಸಿಕೊಳ್ಳಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಹಿಂದಿಯವರಿಗಷ್ಟೇ ಮೀಸಲಲ್ಲ. ಸದಸ್ಯರಾದರೆ ನಿಮ್ಮ ಬರಹವನ್ನು ಅಲ್ಲಿ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು, ಅವರ ಮಾದರಿ ಕರಾರುಗಳನ್ನು ನಿಮ್ಮ ಕರಾರಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು.