ಸೋತ ಪಕ್ಷಕ್ಕೆ ಮುಂದಿನ ನಾಯಕ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಾಗಿದ್ದವು. ಚುನಾವಣೆಯಲ್ಲಿ ಸೋತ ಪಕ್ಷವನ್ನು ಮುಂದೆ ಯಾರು ನಡೆಸಬೇಕು, ಅವರನ್ನು ಯಾರು ಆರಿಸಬೇಕು ಎಂಬುದೇ ಆ ವಿಷಯ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಪಕ್ಷ ಸೋತ ಕೂಡಲೇ ನಾಯಕರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಡುವುದನ್ನು ನೋಡುತ್ತೇವೆ. ಅಂದೇ ಹುದ್ದೆ ಬಿಟ್ಟು ಹೊರನಡೆಯುವುದು ಸರಿಯೇ? ಮುಂದಿನ ನಾಯಕರು ಸಿಗುವವರೆಗೆ ಪಕ್ಷವನ್ನು ನಡೆಸುವವರು ಯಾರು?

ಉತ್ತರ: ರಾಜೀನಾಮೆಯನ್ನು ಘೋಷಿಸುವುದು ಬೇರೆ, ಹುದ್ದೆಯನ್ನು ತೆರವು ಮಾಡುವುದು ಬೇರೆ. ಮೊದಲನೆಯದು ತಡವಾಗಬಾರದು, ಎರಡನೆಯದಕ್ಕೆ ಅವಸರ ಬೇಡ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ 2005ರ ಅನುಭವವನ್ನು ಸ್ವಲ್ಪ ವಿವರವಾಗಿಯೇ ನೋಡಬಹುದು. ಆ ವರ್ಷದ ಮೇ 5ರಂದು ಪಕ್ಷ ಸತತ ಮೂರನೆಯ ಬಾರಿ ಸೋತಿತು. ಮರುದಿನವೇ ನಾಯಕ ಮೈಕಲ್ ಹೊವರ್ಡ್ ಅವರು ತಾವು ಹುದ್ದೆಯಿಂದ ಇಳಿಯುವುದಾಗಿ ತಿಳಿಸಿದರು. ಆದರೆ ಉತ್ತರಾಧಿಕಾರಿಯ ಆಯ್ಕೆ ಮುಗಿಯುವವರೆಗೆ, ಅಂದರೆ ಡಿಸೆಂಬರ್‌ವರೆಗೆ, ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ಕೆಲಸ ಮಾಡಿದರು. ಆರಂಭದಲ್ಲಿ ಗೆಲ್ಲುವ ಕುದುರೆಯೆಂದು ಎಲ್ಲರೂ ಎಣಿಸಿದ್ದು ಡೇವಿಡ್ ಡೇವಿಸ್ ಅವರನ್ನು. ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಆಕಾಂಕ್ಷಿಗಳೆಲ್ಲರೂ ಸರದಿಯಂತೆ ಮಾತನಾಡಿದರು. ಡೇವಿಸ್ ಅವರ ಭಾಷಣ ಸಪ್ಪೆಯಾಯಿತು. ಡೇವಿಡ್ ಕ್ಯಾಮರಾನ್ ಬರೆದ ಪ್ರತಿಯಿಲ್ಲದೆ ಮಾತನಾಡಿ ಸಭೆಯನ್ನು ಒಲಿಸಿಕೊಂಡರು. ಡಿಸೆಂಬರ್ 6ರಂದು ಸದಸ್ಯರ ಮತ ಎಣಿಸಿದಾಗ ಕ್ಯಾಮರಾನ್ ಅವರಿಗೆ 1,34,446, ಡೇವಿಸ್ ಅವರಿಗೆ 64,398 ಮತಗಳು ಬಂದಿದ್ದವು. ಹೊವರ್ಡ್ ಮೇ ತಿಂಗಳಲ್ಲೇ ಮನೆಗೆ ಹೋಗಿ ಅವಸರದ ಆಯ್ಕೆ ನಡೆದಿದ್ದರೆ ಫಲಿತಾಂಶ ಬಹುಶಃ ಬೇರೆಯೇ ಆಗಿರುತ್ತಿತ್ತು. ಹೀಗೆ ಆಯ್ಕೆಯಾದ ಕ್ಯಾಮರಾನ್ ಅವರೇ 2010ರಲ್ಲಿ ಪ್ರಧಾನಿಯಾದರು. ರಿಷಿ ಸುನಕ್ ಅವರೂ 2024ರ ಜುಲೈ ಸೋಲಿನ ನಂತರ, ನವೆಂಬರ್ 2ರಂದು ಕೆಮಿ ಬೇಡನಾಕ್ ಆಯ್ಕೆಯಾಗುವವರೆಗೆ ಇದೇ ರೀತಿ ಹುದ್ದೆಯಲ್ಲಿದ್ದರು.

ಸೋತ ನಾಯಕರಿಗೆ ಉಳಿಯಲು ಮನಸ್ಸಿಲ್ಲದಿದ್ದರೆ ಹಂಗಾಮಿ ವ್ಯವಸ್ಥೆ ಬೇಕಾಗುತ್ತದೆ. ಹಂಗಾಮಿ ನಾಯಕರು ಸ್ವತಃ ಸ್ಪರ್ಧಿಸದಿರುವುದು ಒಳ್ಳೆಯ ಪದ್ಧತಿ. ಇಲ್ಲವಾದರೆ ಆಟಗಾರರೇ ತೀರ್ಪುಗಾರರಾದಂತಾಗುತ್ತದೆ. ಬ್ರಿಟನ್ನಿನದೇ ಆದ ಲೇಬರ್ ಪಕ್ಷದ ಹ್ಯಾರಿಯಟ್ ಹರ್ಮನ್ 2010 ಮತ್ತು 2015ರ ಸೋಲುಗಳ ನಂತರ ಎರಡು ಬಾರಿಯೂ ಹಂಗಾಮಿಯಾಗಿ ಪಕ್ಷವನ್ನು ನಡೆಸಿದರು, ಎರಡು ಬಾರಿಯೂ ಸ್ಪರ್ಧೆಯಿಂದ ಹೊರಗುಳಿದರು.

ನಮ್ಮ ದೇಶದಲ್ಲಿ ತೊಂದರೆಯಾಗಿರುವುದು ಹಂಗಾಮಿ ವ್ಯವಸ್ಥೆಗೆ ಕೊನೆಯ ದಿನಾಂಕವೇ ಇಲ್ಲದಿರುವುದರಿಂದ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 52 ಸ್ಥಾನಗಳಿಗೆ ನಿಂತಿತು. ಮೇ 25ರ ಕಾರ್ಯಕಾರಿ ಸಮಿತಿ ಸಭೆಯಲ್ಲಿ ರಾಹುಲ್ ಗಾಂಧಿ ಅವರು ರಾಜೀನಾಮೆಯ ಮಾತನ್ನಾಡಿದರು, ಜುಲೈ 3ರಂದು ಪತ್ರವನ್ನು ಬಹಿರಂಗಪಡಿಸಿದರು, ಆಗಸ್ಟ್ 10ರಂದು ಸೋನಿಯಾ ಗಾಂಧಿ ಅವರು ಹಂಗಾಮಿ ಅಧ್ಯಕ್ಷರಾದರು. ಆ ಹಂಗಾಮಿ ಅವಧಿ ಮೂರು ವರ್ಷ ದಾಟಿತು. ಪೂರ್ಣಾವಧಿಯ, ಕಣ್ಣಿಗೆ ಕಾಣುವ ನಾಯಕತ್ವ ಬೇಕೆಂದು 2020ರಲ್ಲಿ ಪಕ್ಷದ 23 ಹಿರಿಯರು ಪತ್ರ ಬರೆದರು. ಕೇಳಿದ್ದು ನ್ಯಾಯವಾಗಿಯೇ ಇದ್ದರೂ ಅದನ್ನು ಬಂಡಾಯವೆಂದು ಕಂಡವರೇ ಹೆಚ್ಚು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಮತದಾನ ನಡೆದು ಮಲ್ಲಿಕಾರ್ಜುನ ಖರ್ಗೆ ಅವರು 7,897 ಮತಗಳನ್ನು, ಶಶಿ ತರೂರ್ ಅವರು 1,072 ಮತಗಳನ್ನು ಪಡೆದರು. ಇದೇ ಮತದಾನ 2019ರಲ್ಲೇ ನಡೆಯಲು ಅಡ್ಡಿಯೇನಿತ್ತು ಎಂಬ ಪ್ರಶ್ನೆಗೆ ಆ ಪಕ್ಷದ ಕಾರ್ಯಕರ್ತರಿಗೆ ಉತ್ತರ ಸಿಗಬೇಕಿತ್ತು.

ಪ್ರಶ್ನೆ: ನಾಯಕರನ್ನು ಆರಿಸುವ ಹಕ್ಕು ಶಾಸಕರು, ಸಂಸದರದೋ ಅಥವಾ ಸಾಮಾನ್ಯ ಸದಸ್ಯರದೋ? ಸದಸ್ಯರಿಗೆ ಕೊಡುವುದೇ ಹೆಚ್ಚು ಪ್ರಜಾಸತ್ತಾತ್ಮಕವಲ್ಲವೇ?

ಉತ್ತರ: ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ, ಆದರೆ ವಿಷಯ ಅಷ್ಟು ಸರಳವಲ್ಲ. ಸೋತ ಪಕ್ಷದ ನಾಯಕರು ದಿನನಿತ್ಯ ಕೆಲಸ ಮಾಡಬೇಕಾದದ್ದು ಸದನದಲ್ಲಿ, ಅದೂ ಸೋಲಿನಿಂದ ಸಣ್ಣದಾಗಿರುವ ಸದಸ್ಯರ ಗುಂಪನ್ನು ಕಟ್ಟಿಕೊಂಡು. ಬೆನ್ನ ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ನಂಬಿಕೆಯಿಲ್ಲದ ನಾಯಕರು ಎಷ್ಟೇ ಜನಪ್ರಿಯರಾಗಿದ್ದರೂ ಸದನದಲ್ಲಿ ದುರ್ಬಲರೇ.

ಕನ್ಸರ್ವೇಟಿವ್ ಪಕ್ಷದ 2001ರ ಆಯ್ಕೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಂಸದರು ಇಬ್ಬರನ್ನು ಉಳಿಸಬೇಕು, ಆ ಇಬ್ಬರಲ್ಲಿ ಒಬ್ಬರನ್ನು ದೇಶದಾದ್ಯಂತದ ಸದಸ್ಯರು ಆರಿಸಬೇಕು ಎಂಬ ಹೊಸ ನಿಯಮ ಮೊದಲ ಬಾರಿಗೆ ಬಳಕೆಗೆ ಬಂದಿತ್ತು. ಸಂಸದರ ಕೊನೆಯ ಸುತ್ತಿನಲ್ಲಿ ಕೆನೆತ್ ಕ್ಲಾರ್ಕ್ 59, ಇಯಾನ್ ಡಂಕನ್ ಸ್ಮಿತ್ 54, ಮೈಕಲ್ ಪೋರ್ಟಿಲೊ 53 ಮತ ಪಡೆದರು. ಒಂದೇ ಮತದ ಅಂತರದಲ್ಲಿ ಪೋರ್ಟಿಲೊ ಹೊರಬಿದ್ದರು. ಮೂರನೆಯ ಒಂದು ಭಾಗದಷ್ಟು ಸಂಸದರ ಬೆಂಬಲವಿದ್ದ ಡಂಕನ್ ಸ್ಮಿತ್ ಅವರನ್ನು ಸದಸ್ಯರು ಭಾರೀ ಬಹುಮತದಿಂದ ಆರಿಸಿದರು. ಎರಡು ವರ್ಷ ಕಳೆದ ಸ್ವಲ್ಪ ದಿನಗಳಲ್ಲೇ, 2003ರ ಅಕ್ಟೋಬರ್ 29ರಂದು, ಅದೇ ಸಂಸದರು 90ಕ್ಕೆ 75 ಮತಗಳಿಂದ ಅವರನ್ನು ಇಳಿಸಿದರು. ಮುಂದಿನ ಚುನಾವಣೆಯನ್ನು ಅವರು ನಾಯಕರಾಗಿ ಎದುರಿಸಲೇ ಇಲ್ಲ.

ಲೇಬರ್ ಪಕ್ಷದಲ್ಲಿ ಈ ಸಂಘರ್ಷ ಇನ್ನೂ ತೀವ್ರವಾಗಿತ್ತು. 2015ರ ಸೋಲಿನ ನಂತರ ನಾಮಪತ್ರಕ್ಕೆ 35 ಸಂಸದರ ಸಹಿ ಬೇಕಿತ್ತು. ಜೆರೆಮಿ ಕಾರ್ಬಿನ್ ಅವರು ಕೊನೆಯ ಗಳಿಗೆಯಲ್ಲಿ 36 ಸಹಿ ಪಡೆದು ಕಣದಲ್ಲಿ ಉಳಿದರು. ಸಹಿ ಹಾಕಿದ ಕೆಲವರು ಚರ್ಚೆ ವಿಶಾಲವಾಗಲಿ ಎಂದಷ್ಟೇ ಹಾಕಿದ್ದರು, ಅವರ ಮತ ಬೇರೆಯವರಿಗಿತ್ತು. ಸದಸ್ಯರು, ಬೆಂಬಲಿಗರು ಕಾರ್ಬಿನ್ ಅವರನ್ನು ಸುಮಾರು ಶೇ 59.5 ಮತಗಳಿಂದ ಗೆಲ್ಲಿಸಿದರು. ಮರುವರ್ಷ ಸಂಸದರು 172–40 ಮತಗಳಿಂದ ಅವಿಶ್ವಾಸ ಸೂಚಿಸಿದರೂ ಅವರು ಕದಲಲಿಲ್ಲ. ಸದಸ್ಯರು ಇನ್ನೂ ದೊಡ್ಡ ಅಂತರದಿಂದ ಅವರನ್ನೇ ಮರು ಆಯ್ಕೆ ಮಾಡಿದರು. ನ್ಯಾಯವಾಗಿ ಹೇಳಬೇಕೆಂದರೆ 2017ರಲ್ಲಿ ಅವರ ನೇತೃತ್ವದಲ್ಲಿ ಪಕ್ಷದ ಸ್ಥಾನಗಳು 232ರಿಂದ 262ಕ್ಕೆ ಏರಿದವು. ಆದರೆ 2019ರಲ್ಲಿ 202ಕ್ಕೆ ಕುಸಿದವು. 1935ರ ನಂತರ ಪಕ್ಷ ಅಷ್ಟು ಕೆಳಗೆ ಇಳಿದಿರಲಿಲ್ಲ.

ಹಾಗೆಂದು ಹಕ್ಕನ್ನು ಸಂಸದರಿಗಷ್ಟೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಆಸ್ಟ್ರೇಲಿಯಾದ ಲಿಬರಲ್ ಪಕ್ಷದಲ್ಲಿ ಸಂಸದರೇ ಆರಿಸುತ್ತಾರೆ. 2025ರ ಮೇ 3ರ ಸೋಲಿನ ಹತ್ತೇ ದಿನಗಳಲ್ಲಿ ಸೂಸನ್ ಲೇ 29–25 ಮತಗಳಿಂದ ಆಯ್ಕೆಯಾದರು. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಪಕ್ಷ ಯಾವ ಪ್ರದೇಶಗಳಲ್ಲಿ ಸೋತಿತೋ ಅಲ್ಲಿನ ದನಿ ಆ ಸಭೆಯಲ್ಲಿ ಇರುವುದೇ ಇಲ್ಲ, ಏಕೆಂದರೆ ಅಲ್ಲಿಂದ ಬರಬೇಕಾದವರು ಸೋತು ಮನೆಯಲ್ಲಿರುತ್ತಾರೆ. ಅಂತಿಮ ಮತ ಸದಸ್ಯರದೇ ಇರಲಿ, ಆದರೆ ಅವರ ಮುಂದೆ ಬರುವ ಹೆಸರುಗಳಿಗೆ ಸದನದ ಸದಸ್ಯರಲ್ಲಿ ಗಣನೀಯ ಭಾಗದ ನಿಜವಾದ ಬೆಂಬಲ ಇರಬೇಕು ಎಂಬ ಕ್ರಮವೇ ನಮಗೆ ಹೆಚ್ಚು ಒಪ್ಪಿಗೆ.

ಪ್ರಶ್ನೆ: ಕರ್ನಾಟಕದಲ್ಲಿ 2023ರ ಚುನಾವಣೆಯ ನಂತರ ವಿರೋಧ ಪಕ್ಷದ ನಾಯಕರ ಆಯ್ಕೆಗೆ ಅಷ್ಟು ತಿಂಗಳು ಹಿಡಿದದ್ದೇಕೆ? ಅದರಿಂದ ಜನರಿಗೆ ನಷ್ಟವೇನು?

ಉತ್ತರ: ಮೇ 13ರಂದು ಫಲಿತಾಂಶ ಬಂದು ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಪಡೆದವು. ಬಿ.ವೈ. ವಿಜಯೇಂದ್ರ ಅವರು ಬಿಜೆಪಿ ರಾಜ್ಯಾಧ್ಯಕ್ಷರಾದದ್ದು ನವೆಂಬರ್ 10ರಂದು, ಆರ್. ಅಶೋಕ ಅವರು ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದದ್ದು ನವೆಂಬರ್ 17ರಂದು. ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಬಜೆಟ್ ಮಂಡಿಸಿದಾಗ ಎದುರಿನ ಸಾಲಿನ ಆ ಸ್ಥಾನ ಖಾಲಿಯಾಗಿತ್ತು.

ಕಾರಣ ಒಂದು ಪಕ್ಷದ ದೋಷಕ್ಕಿಂತ ದೊಡ್ಡದು. ನಮ್ಮ ರಾಷ್ಟ್ರೀಯ ಪಕ್ಷಗಳಲ್ಲಿ ವೀಕ್ಷಕರು ಬಂದು ಶಾಸಕರ ಅಭಿಪ್ರಾಯ ಕೇಳುತ್ತಾರೆ, ಆಯ್ಕೆಯನ್ನು ಹೈಕಮಾಂಡ್‌ಗೆ ಬಿಡುವ ಒಂದು ಸಾಲಿನ ನಿರ್ಣಯವಾಗುತ್ತದೆ, ಹೆಸರು ದೆಹಲಿಯಿಂದ ಬರುತ್ತದೆ. ಶಾಸಕರು ಎಣಿಕೆಯಾಗುವ ಮತ ಹಾಕುವುದಿಲ್ಲವಾದ್ದರಿಂದ ಸಮುದಾಯ, ಪ್ರದೇಶ, ಬಣ ಎಲ್ಲದರ ಲೆಕ್ಕಾಚಾರವೂ ವರಿಷ್ಠರ ಮೇಜಿನ ಮೇಲೆ ಬಂದು ಕೂರುತ್ತದೆ. ಅವರಿಗೆ ಬಿಡುವಾಗುವವರೆಗೆ ರಾಜ್ಯ ಕಾಯುತ್ತದೆ. ಕಾಂಗ್ರೆಸ್ಸಿನಲ್ಲೂ ಇದೇ ನಡೆದಿದೆ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಬಿದ್ದ ನಂತರ ಸಿದ್ದರಾಮಯ್ಯ ಅವರನ್ನು ವಿರೋಧ ಪಕ್ಷದ ನಾಯಕರೆಂದು ಹೆಸರಿಸಿದ್ದು ಅಕ್ಟೋಬರ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ 15 ಉಪಚುನಾವಣೆಗಳ ಪೈಕಿ ಬಿಜೆಪಿ 12ರಲ್ಲಿ ಗೆದ್ದಾಗ ಸಿದ್ದರಾಮಯ್ಯ, ರಾಜ್ಯ ಕಾಂಗ್ರೆಸ್ ಸಮಿತಿಯ (ಕೆಪಿಸಿಸಿ) ಅಧ್ಯಕ್ಷರಾಗಿದ್ದ ದಿನೇಶ್ ಗುಂಡೂರಾವ್ ಇಬ್ಬರೂ ರಾಜೀನಾಮೆ ಕೊಟ್ಟರು, ಡಿ.ಕೆ. ಶಿವಕುಮಾರ್ ಅವರು ಕೆಪಿಸಿಸಿ ಅಧ್ಯಕ್ಷರೆಂದು ಹೊರಬಿದ್ದ ತೀರ್ಮಾನಕ್ಕೆ 2020ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಜನರಿಗೆ ನಷ್ಟ ಖಂಡಿತ ಇದೆ. ವಿರೋಧ ಪಕ್ಷದ ನಾಯಕರದು ಸಂಪುಟ ದರ್ಜೆಯ ಸ್ಥಾನ. ಲೋಕಾಯುಕ್ತರ ನೇಮಕದಂಥ ವಿಷಯಗಳಲ್ಲಿ ಕಾಯ್ದೆಯೇ ಅವರೊಂದಿಗೆ ಸಮಾಲೋಚನೆ ನಡೆಸಬೇಕೆನ್ನುತ್ತದೆ. ಸರ್ಕಾರ ಹೊಸದಾಗಿ ಕೆಲಸ ಆರಂಭಿಸಿ ದೊಡ್ಡ ತೀರ್ಮಾನಗಳನ್ನು ಕೈಗೊಳ್ಳುವ ತಿಂಗಳುಗಳಲ್ಲೇ ಅದನ್ನು ಹೊಣೆಗಾರಿಕೆಯಿಂದ ಪ್ರಶ್ನಿಸುವ ಒಬ್ಬ ಅಧಿಕೃತ ವ್ಯಕ್ತಿ ಇಲ್ಲದಿರುವುದು ಸೋತ ಪಕ್ಷದ ಮನೆವಾರ್ತೆಯಷ್ಟೇ ಅಲ್ಲ. ಆ ಪಕ್ಷಕ್ಕೆ ಮತ ಹಾಕಿದ ಲಕ್ಷಾಂತರ ಜನರ ಪ್ರಾತಿನಿಧ್ಯವೂ ಆ ಖಾಲಿ ಕುರ್ಚಿಯೊಂದಿಗೆ ಕಾಯುತ್ತಿರುತ್ತದೆ.

ಪ್ರಶ್ನೆ: ತಮ್ಮ ಕ್ಷೇತ್ರದಲ್ಲೇ ಸೋತವರು ಪಕ್ಷದ ನಾಯಕರಾಗಿ ಮುಂದುವರಿಯಬಹುದೇ?

ಉತ್ತರ: ಪಕ್ಷದ ಅಧ್ಯಕ್ಷರಾಗಿ ಮುಂದುವರಿಯಲು ಅಡ್ಡಿಯಿಲ್ಲ. 1984ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರು ಗ್ವಾಲಿಯರ್‌ನಲ್ಲಿ ಸೋತರೂ 1986ರವರೆಗೆ ಬಿಜೆಪಿ ಅಧ್ಯಕ್ಷರಾಗಿದ್ದರು. ಸದನದ ನಾಯಕತ್ವಕ್ಕೆ ಮಾತ್ರ ಸದಸ್ಯತ್ವ ಬೇಕೇ ಬೇಕು. ಕೆನಡಾದ ಕನ್ಸರ್ವೇಟಿವ್ ನಾಯಕ ಪಿಯೆರ್ ಪೊಯ್ಲಿಯೆವ್ರ್ 2025ರ ಏಪ್ರಿಲ್‌ನಲ್ಲಿ ತಮ್ಮ ಕ್ಷೇತ್ರವನ್ನೂ ಕಳೆದುಕೊಂಡಾಗ ಆಂಡ್ರ್ಯೂ ಶೀರ್ ಅವರು ಸದನದಲ್ಲಿ ಆ ಹೊಣೆ ಹೊತ್ತರು. ಆಗಸ್ಟ್‌ನ ಉಪಚುನಾವಣೆಯಲ್ಲಿ ಗೆದ್ದ ಮೇಲೆ ಪೊಯ್ಲಿಯೆವ್ರ್ ಸದನಕ್ಕೆ ಮರಳಿದರು.

ಪ್ರಶ್ನೆ: ಸೋತ ಪಕ್ಷಕ್ಕೆ ಹೊಸ ಮುಖ ಬೇಕೋ, ಅನುಭವಿ ಹಿರಿಯರು ಬೇಕೋ? ತಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿ.

ಉತ್ತರ: ವಯಸ್ಸು ಇಲ್ಲಿ ಮುಖ್ಯವಲ್ಲ. ಪಕ್ಷ ಏಕೆ ಸೋತಿತು ಎಂಬುದನ್ನು ಪಕ್ಷದವರ ಎದುರಿನಲ್ಲೇ ಹೇಳಬಲ್ಲವರು, ಹೇಳಿದ ಮೇಲೂ ಅವರ ವಿಶ್ವಾಸ ಉಳಿಸಿಕೊಳ್ಳಬಲ್ಲವರು ಬೇಕು. 1997ರ ದೊಡ್ಡ ಸೋಲಿನ ನಂತರ ಕನ್ಸರ್ವೇಟಿವ್ ಪಕ್ಷ 36 ವರ್ಷದ ವಿಲಿಯಂ ಹೇಗ್ ಅವರನ್ನು ಆರಿಸಿತು. ನಾಲ್ಕು ವರ್ಷಗಳ ನಂತರ 165 ಸ್ಥಾನಗಳು 166 ಆದವು, ಅಷ್ಟೇ. ಮುಖ ಹೊಸದಾಗಿದ್ದರೂ, ಮತದಾರರು ದೂರವಾದ ಕಾರಣಗಳನ್ನು ಪಕ್ಷ ಇನ್ನೂ ಒಪ್ಪಿಕೊಂಡಿರಲಿಲ್ಲ. ಇದಕ್ಕೆ ಎದುರಾಗಿ 1983ರಲ್ಲಿ ಲೇಬರ್ ನಾಯಕರಾದ ನೀಲ್ ಕಿನಕ್ ಎರಡು ಚುನಾವಣೆ ಸೋತರು, ಪ್ರಧಾನಿಯಾಗಲೇ ಇಲ್ಲ. ಆದರೆ ಪಕ್ಷದ ನೀತಿ, ಸಂಘಟನೆ ಎರಡನ್ನೂ ಒಳಗಿನ ವಿರೋಧವನ್ನು ಎದುರಿಸಿ ತಿದ್ದಿದರು. ಪಕ್ಷ 209ರಿಂದ 229ಕ್ಕೆ, ಅಲ್ಲಿಂದ 271ಕ್ಕೆ ಏರಿತು. 1997ರ ಗೆಲುವಿನಲ್ಲಿ ಆ ದುಡಿಮೆಯ ಪಾಲು ದೊಡ್ಡದು ಎಂದು ನಾವು ನಂಬಿದ್ದೇವೆ.

ಬಿಜೆಪಿಯೂ 1984ರಲ್ಲಿ ಎರಡೇ ಸ್ಥಾನ ಗೆದ್ದ ಮೇಲೆ ಸೋಲಿನ ಪರಾಮರ್ಶೆ ನಡೆಸಿತು. 1986ರಲ್ಲಿ ಲಾಲ್ ಕೃಷ್ಣ ಆಡ್ವಾಣಿ ಅವರು ಅಧ್ಯಕ್ಷರಾದರು, 1989ರಲ್ಲಿ ಪಕ್ಷ 85 ಸ್ಥಾನ ಗೆದ್ದಿತು. ಅವರು ಹಿಡಿದ ದಾರಿಯನ್ನು ಒಪ್ಪದವರೂ ಆ ಪಕ್ಷ ತನ್ನ ಸೋಲನ್ನು ಲಘುವಾಗಿ ಕಾಣಲಿಲ್ಲವೆಂಬುದನ್ನು ಒಪ್ಪಬೇಕು. ಇನ್ನೊಂದೆಡೆ, 2014ರಲ್ಲಿ 44 ಸ್ಥಾನಗಳಿಗೆ ಇಳಿದ ಕಾಂಗ್ರೆಸ್ ಎ.ಕೆ. ಆಂಟನಿ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಅದರ ವರದಿಯನ್ನು ಬಹಿರಂಗಪಡಿಸಲಿಲ್ಲ. ಬೂತ್ ಮಟ್ಟದಲ್ಲಿ ದುಡಿದ ಕಾರ್ಯಕರ್ತರಿಗೆ ತಮ್ಮ ಶ್ರಮ ಎಲ್ಲಿ ಸೋರಿಹೋಯಿತು ಎಂದು ತಿಳಿಯುವ ಹಕ್ಕಿದೆ. ನಾಯಕತ್ವ ಬಯಸುವವರು ಅಂಥ ವರದಿಯನ್ನು ಸದಸ್ಯರ ಮುಂದಿಡುತ್ತೇವೆ ಎಂದು ಆಯ್ಕೆಗೆ ಮೊದಲೇ ಹೇಳಲಿ. ನಾವಾಗಿದ್ದರೆ ಅಂಥವರಿಗೇ ಮತ ಹಾಕುತ್ತೇವೆ.

ಪ್ರಶ್ನೆ: ಪಕ್ಷಗಳು ಒಳಗಿನ ಚುನಾವಣೆ ನಡೆಸಲೇಬೇಕೆಂದು ಚುನಾವಣಾ ಆಯೋಗ ಕಡ್ಡಾಯ ಮಾಡಬಹುದಲ್ಲವೇ?

ಉತ್ತರ: ಆಯೋಗದ ಕೈಯಲ್ಲಿರುವ ಅಧಿಕಾರ ಕಡಿಮೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ ಪಕ್ಷಗಳು ನೋಂದಣಿಯಾಗುತ್ತವೆ, ಆದರೆ ಸಾಮಾನ್ಯ ಸಂದರ್ಭಗಳಲ್ಲಿ ನೋಂದಣಿ ರದ್ದುಪಡಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಪಕ್ಷ ಒಡೆದು ಎರಡು ಬಣಗಳೂ ತಾವೇ ನಿಜವಾದ ಪಕ್ಷವೆಂದಾಗ ಮಾತ್ರ 1968ರ ಚಿಹ್ನೆಗಳ ಆದೇಶದಡಿ ಆಯೋಗ ತೀರ್ಮಾನಿಸುತ್ತದೆ. ತಮಿಳುನಾಡಿನಲ್ಲಿ 2021ರ ಸೋಲಿನ ನಂತರ ಎಐಎಡಿಎಂಕೆಯ ಜೋಡಿ ನಾಯಕತ್ವ ಮುರಿದುಬಿದ್ದು, 2022ರ ಜುಲೈ 11ರ ಸಾಮಾನ್ಯ ಮಂಡಳಿ ಸಭೆಯಲ್ಲಿ ಎಡಪ್ಪಾಡಿ ಪಳನಿಸ್ವಾಮಿ ಹಂಗಾಮಿ ಪ್ರಧಾನ ಕಾರ್ಯದರ್ಶಿಯಾದರು, ಓ. ಪನ್ನೀರಸೆಲ್ವಂ ಉಚ್ಚಾಟಿತರಾದರು, ವಿವಾದ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ತೀರ್ಮಾನವಾಯಿತು. ಸದಸ್ಯರ ಮತದಿಂದ ಮುಗಿಯಬೇಕಾದದ್ದು ವಕೀಲರ ವಾದಕ್ಕೆ ಹೋಗುವುದು ಹೀಗೆ.

ಪ್ರತಿ ಪಕ್ಷವೂ ತನ್ನ ಸಂವಿಧಾನದ ಪ್ರತಿಯನ್ನು ಆಯೋಗಕ್ಕೆ ಸಲ್ಲಿಸಬೇಕು. ಪ್ರಶ್ನೆ ಕೇಳಿದ ಓದುಗರು ತಾವು ಒಂದು ಪಕ್ಷದ ಸದಸ್ಯರೆಂದು ಬರೆದಿದ್ದಾರೆ. ಅಧ್ಯಕ್ಷರ ಅವಧಿ ಎಷ್ಟು, ಮತದಾರರು ಯಾರು, ನಡುವೆ ಹುದ್ದೆ ತೆರವಾದರೆ ಎಷ್ಟು ದಿನಗಳಲ್ಲಿ ತುಂಬಬೇಕು ಎಂಬ ವಿಧಿಗಳನ್ನು ಅದರಲ್ಲಿ ಓದಿ, ಮುಂದಿನ ಸಭೆಯಲ್ಲಿ ಅವುಗಳ ಪಾಲನೆಯ ಬಗ್ಗೆ ಲಿಖಿತವಾಗಿ ಕೇಳಿ. ಹಾಗೆ ಕೇಳುವ ಹಕ್ಕು ತಮ್ಮ ಸದಸ್ಯತ್ವದ ರಸೀದಿಯೊಂದಿಗೇ ಬಂದಿದೆ.